ಕಿಟಕಿ ಪಕ್ಕದ ಮೇಜು

ಮೇಜನ್ನು ಎಲ್ಲಿಡಬೇಕು ಅಂತ ಯಾರೂ ಕೇಳಲಿಲ್ಲ. ನಮ್ಮ ಮನೆಗೆ ಬೆಳಕು ಬರುವುದೇ ಒಂದು ಕಡೆಯಿಂದ, ಮುಂದಿನ ಕೋಣೆಯ ಕಿಟಕಿಯಿಂದ. ಅದರ ಕೆಳಗೆ ನಮ್ಮತ್ತೆಯ ಮಂಚ. ಗಂಡ, ಮಗಳು ಇಬ್ಬರೂ ಏದುಸಿರು ಬಿಡುತ್ತಾ ಅವಳ ನಕ್ಷೆ ಬರೆಯುವ ಮೇಜನ್ನು ಮೂರನೇ ಮಹಡಿಗೆ ಹೊತ್ತು ತಂದು ಬಾಗಿಲಲ್ಲಿ ನಿಲ್ಲಿಸಿದಾಗ ಅತ್ತೆ ಮಂಚದ ಮೇಲೆ ಕೂತು ಕೋಟೊಂದಕ್ಕೆ ಕಾಜಾ ಹಾಕುತ್ತಿದ್ದರು. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಊರವರ ಲಿಫ್ಟುಗಳನ್ನೆಲ್ಲ ಓಡಿಸುವ ಮನುಷ್ಯನ ಕಟ್ಟಡಕ್ಕೆ ಲಿಫ್ಟಿಲ್ಲ. ಆ ಸಿಟ್ಟನ್ನೆಲ್ಲ ಅವತ್ತು ಮೆಟ್ಟಿಲುದ್ದಕ್ಕೂ ಮೇಜಿನ ಮೇಲೆ ತೀರಿಸಿಕೊಂಡು ಬಂದಿದ್ದರು.

"ಅಮ್ಮ, ಸ್ವಲ್ಪ ಏಳು," ಅಂದರು.

ಅತ್ತೆ ಎದ್ದರು. ಆಮೇಲೆ ಬಹಳ ದಿನ ಅವರಿಗೆ ಆ ಜಾಗ ಸಿಗಲಿಲ್ಲ.

ಮಂಚ ಹೋಗಿದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಪ್ಯಾಸೇಜಿಗೆ. ಪರೀಕ್ಷೆ ಮುಗಿಯುವ ತನಕ ಮಾತ್ರ ಅಂತ ಮಗಳು ಅಂದಳು, ಗಂಡ ಅಂದರು, ನಾನೂ ಅಂದೆ. ಒಂದು ಕಡೆ ಒಗ್ಗರಣೆ ಹೊಗೆ, ಇನ್ನೊಂದು ಕಡೆ ಬಚ್ಚಲಿನ ತೇವ. ಹಗಲಲ್ಲೂ ಬಲ್ಬು ಹಾಕಬೇಕು. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುತ್ತದೆ, ತೆರೆದಾಗಲೆಲ್ಲ ಮಂಚದ ತುದಿಗೆ ಬಡಿಯುತ್ತದೆ. ಅತ್ತೆ ಕಾಲು ಚಾಚಿಕೊಂಡಿದ್ದರೆ ಅವರ ಪಾದಕ್ಕೆ. ಬೆಳಗ್ಗೆ ಎಲ್ಲರಿಗೂ ಅವಸರ. ಹೀಗಾಗಿ "ಕಾಲು ಮಡಚ್ಕೊಳ್ಳಿ ಅತ್ತೆ," "ಕಾಲು ಮಡಚ್ಕೋ ಅಮ್ಮ," "ಅಜ್ಜಿ, ಕಾಲು ಮಡಚ್ಕೋ" ಅನ್ನುವುದು ನಮ್ಮ ಮನೆಯಲ್ಲಿ ದಿನ ಶುರುವಾಗುವ ಮಾತಾಯಿತು. ಅತ್ತೆ ಮಡಚಿಕೊಳ್ಳುತ್ತಿದ್ದರು.

ಮಗಳು ಆರ್ಕಿಟೆಕ್ಚರ್ ನಾಲ್ಕನೇ ವರ್ಷ. ಮನೆಯಲ್ಲಿ ಅವಳಿಗೆ ಮೇಸ್ತ್ರಿ ಅಂತಲೇ ಹೆಸರು. ಇಟ್ಟವರು ಅತ್ತೆ. ಮೊದಲ ವರ್ಷ ಅವಳು ಬೆಂಕಿಕಡ್ಡಿ ಅಂಟಿಸಿ ಗುಬ್ಬಿಗೂಡಿನಷ್ಟು ದೊಡ್ಡ ಮನೆ ಮಾಡಿ ತಂದಾಗ, "ನಮ್ಮ ಮೇಸ್ತ್ರಿ ಮನೆ ಕಟ್ಟಿದ್ಲು, ಸ್ಟವ್ ಹತ್ರ ಮಾತ್ರ ಇಡಬೇಡಿ" ಅಂತ ಕಟ್ಟಡದವರಿಗೆಲ್ಲ ತೋರಿಸಿಕೊಂಡು ಬಂದಿದ್ದರು. ಎರಡನೇ ವರ್ಷ ಬಸ್ ನಿಲ್ದಾಣ ಮಾಡಿದಳು. ಗಾಳಿಪಟದ ಹಾಗೆ ಮೇಲೆದ್ದ ಚಾವಣಿ, ನೋಡಲು ಚೆಂದ. ಬಿಸಿಲು ಬೀಳುವ ಕಡೆ ಬೆಂಚು ಇಟ್ಟಿದ್ದಳು ಅಷ್ಟೆ. ಮೂರನೇ ವರ್ಷ ಶಾಲೆ. ಪ್ರತಿ ಸಲವೂ ಕಾಲೇಜಿನವರು ಹೇಳುತ್ತಿದ್ದುದು ಒಂದೇ: ಗೆರೆ ಬಹಳ ಶುದ್ಧವಾಗಿದೆ. ನಮಗೆ ಅದು ಹೊಗಳಿಕೆ ಅಂತ ಅನ್ನಿಸುತ್ತಿತ್ತು. ಅವಳಿಗೂ ಹಾಗೇ ಅನ್ನಿಸಿತ್ತು.

ಈ ವರ್ಷ ಕೊಟ್ಟಿದ್ದು ವೃದ್ಧರ ಮನೆ. ನಲವತ್ತು ಮಂದಿ ವಯಸ್ಸಾದವರು ಇರುವುದಕ್ಕೆ ಒಂದು ಕಟ್ಟಡ. ಪಾಠ ಮಾಡುವವರು ಹೊಸಬರು. ಚೆನ್ನಾಗಿರುವ ನಕ್ಷೆಯ ಮೇಲೂ ದಪ್ಪ ಕೆಂಪು ಪೆನ್ನಿನಿಂದ ಗೀಚುತ್ತಾರಂತೆ. ಅದಕ್ಕೇ ಹುಡುಗರೆಲ್ಲ ಅವರನ್ನು ಕೆಂಪು ಮೇಡಂ ಅನ್ನುತ್ತಾರೆ. ಈ ಡಿಸೈನಿನಲ್ಲಿ ಬಿದ್ದರೆ ವರ್ಷ ಪೂರ್ತಿ ಮತ್ತೆ ಓದಬೇಕು.

ಮೇಜಿನ ಹಿಂದೆಯೇ ಉಳಿದದ್ದೂ ಬಂತು. ರಟ್ಟು, ಥರ್ಮೋಕೋಲು, ಟ್ರೇಸಿಂಗ್ ಹಾಳೆಯ ಸುರುಳಿಗಳು, ಮೂಗಿಗೆ ಹತ್ತುವ ಅಂಟು. ಮಾಡೆಲ್ ಒಣಗಲು ಊಟದ ಮೇಜು ಬೇಕಾಯಿತು. ಆವತ್ತಿನಿಂದ ನಾವು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದೆವು. ಒಂದು ದಿನ ಬೇಳೆಯಲ್ಲಿ ಬೆರಳುಗುರಿನಷ್ಟು ಬಾಗಿಲೊಂದು ಸಿಕ್ಕಿತು. ಗಂಡ ಅದನ್ನು ನಾಲಗೆಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟು, "ನಿನ್ನ ಬಾಗಿಲು ಬೆಂದಿಲ್ಲ ಕಣಮ್ಮ" ಅಂದರು. ಮಗಳು ನಗಲಿಲ್ಲ. ಅದನ್ನೇ ಹುಡುಕುತ್ತಿದ್ದಳಂತೆ, ತೊಳೆದು ಒಯ್ದಳು.

ಅತ್ತೆ ಹರೆಯದಿಂದ ದರ್ಜಿ ಕೆಲಸ ಮಾಡಿದವರು. ಮಷೀನು ತುಳಿಯಲು ಕಾಲು ಬಾರದಾದ ಮೇಲೆ ಕೋಟಿನ ಅಂಗಡಿಯೊಂದಕ್ಕೆ ಕೈಯಿಂದ ಕಾಜಾ ಹಾಕಿ, ಲೈನಿಂಗ್ ಕತ್ತರಿಸಿ ಹೊಲಿದು ಕೊಡುತ್ತಿದ್ದರು. ಗುಂಡಿ ತೂರುವ ತೂತಿನ ಸುತ್ತ ಒಂದಕ್ಕೊಂದು ಒತ್ತಿದ ಹಾಗೆ ಬೀಳುವ ಆ ಹೊಲಿಗೆಯನ್ನು ಮಷೀನಿಗಿಂತ ಅಚ್ಚುಕಟ್ಟಾಗಿ ಹಾಕುತ್ತೇನೆ ಅನ್ನುವ ಜಂಬ ಅವರಿಗೆ. ಅದನ್ನು ಬಿಟ್ಟರೆ ಅವರದ್ದು ಅಂತ ಆ ಮನೆಯಲ್ಲಿ ಉಳಿದಿದ್ದು ಕಿಟಕಿಯೊಂದೇ. ಕಿಟಕಿ ಹೋದ ಕೆಲವೇ ವಾರಕ್ಕೆ ಕಪ್ಪು ಕೋಟೊಂದು ವಾಪಸ್ ಬಂತು. ಕಾಜಾಗಳು ಸೊಟ್ಟಗಿದ್ದವು. ಅಂಗಡಿಯವನು ಮುಖಕ್ಕೆ ಹೊಡೆದ ಹಾಗೆ ಹೇಳಿರಲಿಲ್ಲ. ಅಜ್ಜಿಗೆ ಕಣ್ಣು ಮಂಜಾಗಿರಬೇಕು, ಇನ್ನೊಂದು ಹೀಗೆ ಬಂದರೆ ಬೇರೆಯವರಿಗೆ ಕೊಡೋಣ, ಪಾಪ ಅವರೂ ವಿಶ್ರಾಂತಿ ತಗೊಳ್ಳಲಿ ಅಂದಿದ್ದ.

ಅತ್ತೆ ಕೋಟನ್ನು ಬಲ್ಬಿನ ಹತ್ತಿರ ಹಿಡಿದು ನೋಡಿದರು. ಕಪ್ಪು ಬಟ್ಟೆ, ಕಪ್ಪು ದಾರ.

"ಕಣ್ಣು ಮಂಜಾಗಿದ್ಯಂತೆ," ಅಂದರು. "ಇಲ್ಲಿ ತಂದು ಕೂರಿಸಿದ್ರೆ ಅವನ ಕಣ್ಣೂ ಮಂಜಾಗುತ್ತೆ."

ನಾನು ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಹೊರಟಿದ್ದೆ. ಸಂಜೆ ಮಾತಾಡೋಣ ಅತ್ತೆ ಅಂದೆ. ಸಂಜೆ ಬಂದಾಗ ಮಾತಾಡುವ ಹಂತ ದಾಟಿಹೋಗಿತ್ತು.

ಅತ್ತೆಯ ಹತ್ತಿರ ಒಂದು ದೊಡ್ಡ ಕತ್ತರಿ ಇದೆ. ಬಟ್ಟೆ ಕತ್ತರಿ. ಅದಕ್ಕೆ ಕಾಗದ ತೋರಿಸಿದರೂ ಅವರಿಗೆ ಆಗುವುದಿಲ್ಲ. ಕಾಗದ ಕತ್ತರಿಸಿದ ಬಾಯಿ ಬಟ್ಟೆಯನ್ನು ಕಚ್ಚಿ ಜಗ್ಗುತ್ತದೆ, ಸೀಳುವುದಿಲ್ಲ. ಮಗಳು ಚಿಕ್ಕವಳಿದ್ದಾಗ ಅದನ್ನು ಮುಟ್ಟಿದರೆ ಕೈಗೆ ಪೆಟ್ಟು ಬೀಳುತ್ತಿತ್ತು, ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆ ಮಧ್ಯಾಹ್ನ ಅವಳ ಬ್ಲೇಡು ಮುರಿದಿತ್ತು. ಅಜ್ಜಿ ಮಲಗಿದ್ದರು. ಕತ್ತರಿ ಮಂಚದ ಕೆಳಗಿನ ಡಬ್ಬಿಯಲ್ಲಿತ್ತು. ದಪ್ಪ ರಟ್ಟು ಕತ್ತರಿಸಿ ಇಪ್ಪತ್ತು ಬಾಲ್ಕನಿ ಮಾಡಿಕೊಂಡಿದ್ದಳು.

ನಾನು ಬಾಗಿಲು ತಳ್ಳಿದಾಗ ಅತ್ತೆ ಲೈನಿಂಗ್ ಬಟ್ಟೆಯ ತುಂಡೊಂದನ್ನು ಎತ್ತಿ ಹಿಡಿದಿದ್ದರು. ಅಂಚು ಇಲಿ ತಿಂದ ಹಾಗಿತ್ತು. ಸಾಣೆ ಹಿಡಿಸಿಕೊಂಡು ಬರ್ತೀನಿ, ಒಂದು ಕತ್ತರಿಗೆ ಇಷ್ಟೊಂದು ರಾದ್ಧಾಂತ ಯಾಕೆ ಅಂತ ಮಗಳು ತಲೆ ಎತ್ತದೆ ಅಂಟು ಹಚ್ಚುತ್ತಲೇ ಹೇಳುತ್ತಿದ್ದಳು. ನನ್ನ ವರ್ಷ ಹೋಗ್ತಾ ಇದೆ ಅಜ್ಜಿ, ನಿನಗೆ ಕತ್ತರಿ ಚಿಂತೆ ಅಂದಳು.

"ನಿನ್ನ ಮುದುಕರಿಗೆ ಬಾಲ್ಕನಿ ಆಯ್ತಾ?" ಅತ್ತೆ ಕೇಳಿದರು.

"ಆಯ್ತು."

"ಎಲ್ಲರಿಗೂ?"

"ಪ್ರತಿಯೊಬ್ಬರಿಗೂ ಕಿಟಕಿ ಇದೆ ಅಜ್ಜಿ. ದಕ್ಷಿಣಕ್ಕೆ."

"ಪುಣ್ಯವಂತರು," ಅಂದರು ಅತ್ತೆ. ಕುರ್ಚಿ ಎತ್ತಿಕೊಂಡರು, ಹೊಲಿಗೆ ಡಬ್ಬಿ ಕಂಕುಳಲ್ಲಿ ಸಿಕ್ಕಿಸಿಕೊಂಡರು, ಮನೆಯಿಂದ ಹೊರಗೆ ನಡೆದರು.

ಹೋಗಿದ್ದು ದೂರವೇನಲ್ಲ. ನಮ್ಮ ಮಹಡಿಗೂ ಕೆಳಗಿನ ಮಹಡಿಗೂ ನಡುವೆ ಮೆಟ್ಟಿಲು ತಿರುಗುವ ಕಡೆ ಒಂದು ಚೌಕವಿದೆ, ಅಲ್ಲೊಂದು ಗಾಜಿನ ಕಿಟಕಿ. ಅಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮರುದಿನದಿಂದ ಅದೇ ಅವರ ಜಾಗವಾಯಿತು. ಬೆಳಗ್ಗೆ ಚಹಾ ಕುಡಿದು ಇಳಿಯುವರು, ಕತ್ತಲಾದ ಮೇಲೆ ಹತ್ತುವರು. ಮಧ್ಯಾಹ್ನದ ತಟ್ಟೆಯೂ ಅಲ್ಲಿಗೇ. ಹಾಲಿನವನು, ಗ್ಯಾಸಿನವನು, ಶಾಲೆಯಿಂದ ಬರುವ ಮಕ್ಕಳು, ಎಲ್ಲರೂ ಅವರ ಮೊಣಕಾಲು ಬಳಸಿಕೊಂಡು ಓಡಾಡಬೇಕು. ಯಾರು ಕೇಳಿದರೂ ಅವರದ್ದು ಒಂದೇ ಉತ್ತರ: "ಮನೇಲಿ ಕಟ್ಟಡ ಕಟ್ತಾ ಇದಾರೆ."

ಕೆಳಗಿನ ಮನೆಯ ನರ್ಸಮ್ಮ, ಕೆಲಸ ಬಿಟ್ಟು ವರ್ಷಗಳಾದರೂ ಎಲ್ಲರ ನಾಡಿ ಹಿಡಿಯುವ ಅಭ್ಯಾಸ ಬಿಡದವರು, ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿಕೊಂಡು ಅಜ್ಜಿಗೆ ಮನೆಯಲ್ಲಿ ಏನಾದರೂ ತೊಂದರೆಯಾ ಅಂತ ಮೆಲ್ಲಗೆ ಕೇಳಿದರು. ಅವರ ಕಣ್ಣು ಅತ್ತೆಯ ತೋಳುಗಳ ಮೇಲೆ ಗಾಯ ಹುಡುಕುತ್ತಿತ್ತು. ನನಗೆ ಮೈ ಉರಿದುಹೋಯಿತು. ಯಾರ ಮೇಲೆ ಉರಿಯಬೇಕು ಅಂತ ಗೊತ್ತಾಗದೆ ಅವರಿಗೇ ಒರಟಾಗಿ ಉತ್ತರ ಕೊಟ್ಟು ಬಂದೆ.

ಗಂಡ ಎರಡು ದಿನ ತಡೆದುಕೊಂಡರು. ಮೂರನೆಯ ದಿನ ಕೆಲಸದಿಂದ ಬಂದವರು ಬ್ಯಾಗನ್ನು ಚೌಕದಲ್ಲೇ ಕುಕ್ಕಿದರು.

"ಅಮ್ಮ, ಒಳಗೆ ನಡಿ. ನನ್ನ ಮಾನ ತಂದು ಮೆಟ್ಟಿಲ ಮೇಲೆ ಕೂರಿಸಿದೀಯ."

"ಮಾನ ನಿಂದು, ನೀನು ಒಳಗೆ ಇಟ್ಕೋ. ಬೆಳಕು ನಂಗೆ ಬೇಕು."

"ಅವಳ ಪರೀಕ್ಷೆ ಮುಗೀಲಿ ಅಂದ್ವಲ್ಲ."

"ಪರೀಕ್ಷೆ ಮುಗಿಯೋ ತನಕ ಕೋಟಿನ ಅಂಗಡಿ ಬಾಗಿಲು ಹಾಕ್ಕೊಂಡಿರುತ್ತಾ? ಹೋಗಿ ಹೇಳು ಅವನಿಗೆ."

ಗಂಡ ಮೇಲೆ ಬಂದು ಸಿಟ್ಟನ್ನು ನನ್ನ ಮೇಲೆ ಹಾಕಿದರು. ನೀನು ಒಂದು ಮಾತು ಹೇಳಿದರೆ ಕೇಳುತ್ತಾಳೆ, ನೀನೇ ಹೇಳಲ್ಲ ಅಂದರು. ನಿಮ್ಮ ಅಮ್ಮ, ನೀವು ಏಳಿಸಿದ್ದು ಅಂದೆ. ಅವತ್ತು ನೀನೂ ಅಲ್ಲೇ ಇದ್ದೆಯಲ್ಲ ಅಂದರು. ಇಬ್ಬರೂ ತಟ್ಟೆ ತೊಡೆಯ ಮೇಲಿಟ್ಟುಕೊಂಡೇ ಜಗಳವಾಡಿದೆವು. ಅನ್ನ ಆರಿತು. ಮಗಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಗೆರೆ ಎಳೆಯುತ್ತಿದ್ದಳು. ಅವಳ ಬೆನ್ನಿನ ಆಚೆ ಕಿಟಕಿ, ಕಿಟಕಿಯ ತುಂಬ ಸಂಜೆ ಬಿಸಿಲು. ಅದು ಬೀಳುತ್ತಿದ್ದುದು ಅಂಟಿನ ಡಬ್ಬಿಯ ಮೇಲೆ.

ಮಗಳು ಕತ್ತರಿಗೆ ಸಾಣೆ ಹಿಡಿಸಿ ತಂದುಕೊಟ್ಟಳು, ಸುಳ್ಳು ಹೇಳಬಾರದು. ಅತ್ತೆ ಬಟ್ಟೆಯ ಚೂರೊಂದನ್ನು ಕತ್ತರಿಸಿ ನೋಡಿ, ಕತ್ತರಿಯನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಆಮೇಲೆ ಬಹಳ ದಿನ ಮುಟ್ಟಲಿಲ್ಲ.

ಕಾಲೇಜಿನ ನಡುವಿನ ಪರಿಶೀಲನೆಗೆ ಮಗಳು ಮಾಡೆಲನ್ನು ಸೀರೆ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಹೋದಳು. ವಾಪಸ್ ಬಂದಾಗ ಅದನ್ನು ಕಸದ ಬುಟ್ಟಿಯ ಪಕ್ಕ ಇಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಅಳುವುದು ಕೇಳಬಾರದು ಅಂತ. ನಲ್ಲಿಯ ಸದ್ದಿಗಿಂತ ಅಳುವಿನ ಸದ್ದೇ ಜೋರಾಗಿತ್ತು.

ಊಟದ ಹೊತ್ತಿಗೆ ಬಾಯಿ ಬಿಟ್ಟಳು. ಕೆಂಪು ಮೇಡಂ ನಕ್ಷೆಯನ್ನು ಮುಟ್ಟಲೇ ಇಲ್ಲವಂತೆ, ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲವಂತೆ. ಬಗ್ಗಿ ಮಾಡೆಲ್ ಒಳಗೆ ನೋಡಿ, ಇಲ್ಲಿ ಓಡಾಡ್ತಾ ಇರೋರು ಯಾರು ಅಂತ ಕೇಳಿದರಂತೆ. ಕಟ್ಟಡ ಎಷ್ಟು ದೊಡ್ಡದು ಅಂತ ತೋರಿಸಲು ಅಲ್ಲಲ್ಲಿ ಕಾಗದದ ಪುಟ್ಟ ಮನುಷ್ಯರನ್ನು ಕತ್ತರಿಸಿ ನಿಲ್ಲಿಸುತ್ತಾರೆ. ಇವಳು ಹೊಸದಾಗಿ ಮಾಡುವ ಬದಲು ಬಸ್ ನಿಲ್ದಾಣದ ಮನುಷ್ಯರನ್ನೇ ತಂದು ಅಂಟಿಸಿದ್ದಳು. ವೃದ್ಧರ ಮನೆಯ ಅಂಗಳದ ತುಂಬ ಹೆಗಲಿಗೆ ಬ್ಯಾಗು ಹಾಕಿಕೊಂಡು ಓಡುವ ಹರೆಯದವರು.

ಗಂಡ ಜೋರಾಗಿ ನಕ್ಕುಬಿಟ್ಟರು. ಮಗಳು ತಟ್ಟೆ ಕೆಳಗಿಟ್ಟಳು.

"ಆಮೇಲೆ ಏನಂದ್ರು?" ಅಂದೆ.

ವಯಸ್ಸಾದವರನ್ನು ಹತ್ತಿರದಿಂದ ನೋಡಿದೀಯಾ ಅಂತ ಕೇಳಿದರಂತೆ. ಮನೆಯಲ್ಲೇ ಅಜ್ಜಿ ಇದ್ದಾರೆ ಅಂದಳಂತೆ. ಹಗಲೆಲ್ಲ ಎಲ್ಲಿ ಕೂತಿರ್ತಾರೆ ಅಂತ ಕೇಳಿದರಂತೆ.

"ನೀನೇನಂದೆ?"

"ಕಿಟಕಿ ಹತ್ರ ಅಂದೆ."

ಪ್ಯಾಸೇಜಿನ ಕತ್ತಲಲ್ಲಿ ಅತ್ತೆಯ ಚಮಚ ತಟ್ಟೆಗೆ ತಾಗುತ್ತಿದ್ದ ಸದ್ದು ನಿಂತಿತು.

ಕೆಂಪು ಮೇಡಂ ಆ ಜಾಗವನ್ನೇ ಅಳತೆ ಮಾಡಿ ಬರೆದು ತಾ ಅಂದಿದ್ದರು. ಅಜ್ಜಿ, ಅವರ ಮಂಚ, ಅವರ ಕಿಟಕಿ, ಕೈಗೆ ಏನೇನು ಎಟುಕುತ್ತದೆ, ಕಣ್ಣಿಗೆ ಏನು ಕಾಣುತ್ತದೆ, ಎಲ್ಲ. ಅಲ್ಲಿಂದ ಮತ್ತೆ ಶುರುಮಾಡು, ಇಲ್ಲದಿದ್ದರೆ ಮುಂದಿನ ವರ್ಷ ಸಿಗೋಣ ಅಂದಿದ್ದರು.

ಆಮೇಲಿನ ಸಂಗತಿಗೆ ನಾನು ಅರ್ಧದಲ್ಲಿ ಬಂದೆ. ಲಾಂಡ್ರಿಯಲ್ಲಿ ಒಂದು ಮಷೀನು ಕೆಟ್ಟು ನಮ್ಮನ್ನು ಬೇಗ ಬಿಟ್ಟಿದ್ದರು. ಮೆಟ್ಟಿಲ ಚೌಕ ಖಾಲಿ ಇತ್ತು. ಕುರ್ಚಿಯೂ ಇರಲಿಲ್ಲ. ಮೇಲೆ ಓಡಿದೆ. ಬಾಗಿಲು ತೆರೆದೇ ಇತ್ತು. ಮೇಜು ಗೋಡೆಗೆ ಸರಿದಿತ್ತು. ಕಿಟಕಿಯ ಕೆಳಗೆ ಅತ್ತೆ ಕೂತಿದ್ದರು. ತಲೆ ಬಾಚಿಕೊಂಡಿದ್ದರು. ಡಬ್ಬಿ ಬಿಚ್ಚಿ ದಾರದ ಉಂಡೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು, ಹಿಂದೆ ಇಡುತ್ತಿದ್ದ ಹಾಗೇ. ಮೊಳೆಯಲ್ಲಿದ್ದ ಕತ್ತರಿಯನ್ನೂ ಇಳಿಸಿಕೊಂಡು ಬಂದಿದ್ದರು. ತೊಡೆಯ ಮೇಲೆ ಕಂದು ಕೋಟು, ಸೂಜಿ ಓಡುತ್ತಿತ್ತು. ನನ್ನನ್ನು ನೋಡಿ ಒಂದು ನಗು ನಕ್ಕರು. ವಾರಗಟ್ಟಲೆ ಆಗಿತ್ತು ಆ ನಗು ನೋಡಿ. ಮಗಳು ಫೋನ್ ಹಿಡಿದು ಫೋಟೋ ತೆಗೆದಳು, ಟೇಪ್ ಹಿಡಿದು ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ನೆಲಕ್ಕೆ ಅಳೆದಳು, ಬರೆದುಕೊಂಡಳು. ಬುದ್ಧಿ ಬಂತಲ್ಲ ಸದ್ಯ ಅಂದುಕೊಂಡು ನಾನು ಚಹಾಕ್ಕೆ ಇಟ್ಟೆ.

ಹಾಲು ಉಕ್ಕುವ ಮೊದಲೇ ಅವಳ ದನಿ ಕೇಳಿಸಿತು.

"ಆಯ್ತು ಅಜ್ಜಿ, ಸಾಕು. ಏಳ್ತೀಯಾ? ಮೇಜು ಮತ್ತೆ ಎಳ್ಕೋಬೇಕು."

ನಾನು ಒಲೆ ಆರಿಸಿ ಹೊರಗೆ ಬಂದೆ. ಅತ್ತೆ ದಾರದ ಉಂಡೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದರು. ಒಂದು ಉರುಳಿ ಹೋಯಿತು. ಮಗಳು ಬಗ್ಗಿ ಎತ್ತಿಕೊಡಲು ಹೋದಳು.

"ಮುಟ್ಟಬೇಡ," ಅಂದರು ಅತ್ತೆ. "ನಾನೇನು ನಿನ್ನ ಕಾಗದದ ಬೊಂಬೆನಾ? ಬೇಕಾದಾಗ ಅಂಟಿಸಿ ಬೇಡ ಅಂದಾಗ ಕಿತ್ತು ಹಾಕೋಕೆ?"

"ಅರ್ಧ ಗಂಟೆ ಅಂತ ಹೇಳಿದ್ನಲ್ಲ ಅಜ್ಜಿ."

"ಹೇಳಿದ್ದೆ. ನಂಗೆ ಕೇಳಿಸಲಿಲ್ಲ. ಕಿಟಕಿ ಅಂದಿದ್ದು ಮಾತ್ರ ಕೇಳಿಸ್ತು."

ಕುರ್ಚಿ ಎತ್ತಿಕೊಂಡು ಮೆಟ್ಟಿಲಿಗೆ ಹೋದರು. ನಾನು ಮೇಜಿನ ಮೇಲಿದ್ದ ಹಾಳೆ ಕೈಗೆತ್ತಿಕೊಂಡೆ. ಮಂಚ ಕಿಟಕಿಯ ಕೆಳಗಿತ್ತು, ಪೆನ್ಸಿಲಿನಲ್ಲಿ, ಬಹಳ ಶುದ್ಧವಾದ ಗೆರೆಯಲ್ಲಿ.

"ಇದು ಯಾರ ಮನೆ?" ಅಂದೆ.

"ಅಮ್ಮ, ಪ್ಲೀಸ್."

"ಯಾರ ಮನೆ ಅಂತ ಕೇಳಿದೆ. ನಮ್ಮನೇಲಿ ಮಂಚ ಇಲ್ಲಿಲ್ಲ. ನೀನು ದಿನಾ ಬೆಳಗ್ಗೆ ಬಾಗಿಲಿಂದ ಕುಟ್ತೀಯಲ್ಲ, ಅಲ್ಲಿದೆ. ಬರೆದ್ರೆ ಅದನ್ನ ಬರಿ."

ಅದನ್ನು ಕಾಲೇಜಿನ ಗೋಡೆಗೆ ಹೇಗೆ ಹಾಕಲಿ, ಎಲ್ಲರೂ ನೋಡುತ್ತಾರೆ, ನಿಮಗೂ ಅವಮಾನ ಅಂತ ಕೂಗಾಡಿದಳು. ಮುದುಕಿಯನ್ನು ಬಚ್ಚಲ ಬಾಗಿಲಿಗೆ ಹಾಕಿದಾಗ ಆಗದ ಅವಮಾನ ಬರೆದರೆ ಆಗುತ್ತಾ ಅಂದೆ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಫೇಲಾದ್ರೆ ಯಾರಿಗಮ್ಮ ಹೊರೆ? ನಿಂಗೇ. ಇನ್ನೊಂದು ವರ್ಷ ಆಸ್ಪತ್ರೆ ಬೆಡ್‌ಶೀಟು ಮಡಚ್ತಾ ಇರ್ತೀಯ."

"ಮಡಚ್ತೀನಿ. ನಂಗೆ ಅಭ್ಯಾಸ ಇದೆ. ಸುಳ್ಳು ಬರೆದು ಪಾಸಾಗಿ ಬಂದ್ರೆ ಮಾತ್ರ ಈ ಮನೇಲಿ ನಿನ್ನ ತಟ್ಟೆ ನೀನೇ ಹಾಕ್ಕೋ."

ಅವತ್ತಿನಿಂದ ಅವಳು ತಟ್ಟೆ ತಾನೇ ಹಾಕಿಕೊಂಡಳು, ಹಟಕ್ಕೆ. ನಾನೂ ಬಿಟ್ಟೆ. ಮನೆಯಲ್ಲಿ ನಾಲ್ಕು ಜನ, ನಾಲ್ಕು ಹೊತ್ತಿಗೆ ಊಟ. ಗಂಡ ಒಬ್ಬರೇ ಎಲ್ಲರ ಜೊತೆ ಮಾತಾಡುತ್ತಿದ್ದರು, ಅದೂ ಉಪ್ಪು ಎಲ್ಲಿದೆ ಅಂತ ಕೇಳಲು.

ಆದರೆ ಟೇಪ್ ಪ್ಯಾಸೇಜಿಗೆ ಬಂತು. ಅತ್ತೆ ಮೆಟ್ಟಿಲಲ್ಲಿರುವ ಹೊತ್ತು ನೋಡಿಕೊಂಡು ಅಳೆದಳು. ಮುಖ ಗಂಟು ಹಾಕಿಕೊಂಡು, ಟೇಪನ್ನು ಪಟಾರೆಂದು ಬಿಡುತ್ತಾ. ಮಂಚದ ಮೇಲೆ ಮಲಗಿ ನೋಡಿದಳು. ಬಲ್ಬು ಆರಿಸಿದಳು, ಹಾಕಿದಳು. ಬಚ್ಚಲಿನ ಬಾಗಿಲನ್ನು ಸುಮ್ಮನೆ ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡುತ್ತಿದ್ದಳು. ನಾನು ತರಕಾರಿ ಹೆಚ್ಚುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಆಮೇಲೆ ಮೆಟ್ಟಿಲ ಚೌಕಕ್ಕೂ ಇಳಿದಳು. ಅಲ್ಲಿ ಅತ್ತೆ ಇದ್ದಾಗಲೇ. ಏನೂ ಕೇಳದೆ ಮೇಲಿನ ಮೆಟ್ಟಿಲಲ್ಲಿ ಕೂತು ಬರೆದುಕೊಳ್ಳುತ್ತಿದ್ದಳಂತೆ. ಹೋಗಿ ಬರುವವರ ಮೇಲೆಲ್ಲ ಅತ್ತೆ ರೇಗುವುದನ್ನು, ನರ್ಸಮ್ಮ ಬಂದು ಗೋಡೆಗೊರಗಿ ನಿಂತು ಕಾಲು ನೋವು ಅನ್ನುವುದನ್ನು, ಇಬ್ಬರೂ ಸೇರಿ ಮೂರನೆಯವರ ಸೊಸೆಯನ್ನು ಬೈಯುವುದನ್ನು. ಅತ್ತೆ ಅವಳತ್ತ ತಿರುಗಿಯೂ ನೋಡಲಿಲ್ಲವಂತೆ. ಒಮ್ಮೆ ಮಾತ್ರ, ನೆರಳು ಬೀಳ್ತಾ ಇದೆ ಸರಿ ಅತ್ಲಾಗೆ ಅಂದರಂತೆ.

ರಟ್ಟಿನ ಹಳೆಯ ಮಾಡೆಲನ್ನು ಅವಳೇ ಕಾಲಲ್ಲಿ ತುಳಿದು ಚಪ್ಪಟೆ ಮಾಡಿ ಕಸಕ್ಕೆ ಹಾಕಿದಳು. ಇಪ್ಪತ್ತು ಬಾಲ್ಕನಿಯೂ ಹೋಯಿತು.

ಕೊನೆಯ ದಿನ ಕೆಲಸಗಳನ್ನೆಲ್ಲ ಕಾಲೇಜಿನ ಗೋಡೆಗೆ ಹಾಕುತ್ತಾರೆ, ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಮನೆಯವರೂ ಬರಬಹುದು. ಅತ್ತೆಯನ್ನು ಕರೆದೆವು. "ಮೆಟ್ಟಿಲಲ್ಲಿ ಕೆಲಸ ಇದೆ" ಅಂದರು. ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಏನು ಬರೆದಿದ್ದಾಳೆ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಮೊದಲ ಹಾಳೆಯೇ ನಮ್ಮ ಮನೆ. ಮೇಲಿನಿಂದ ನೋಡಿದ ಹಾಗೆ. ಕಿಟಕಿಯ ಕೆಳಗೆ ದೊಡ್ಡ ಚೌಕ, ಅದರಲ್ಲಿ "ನನ್ನ ಮೇಜು" ಅಂತ ಬರೆದಿತ್ತು. ಪ್ಯಾಸೇಜಿನಲ್ಲಿ ಉದ್ದನೆಯ ಚೌಕ, "ಅಜ್ಜಿ." ಬಾಗಿಲು ತೆರೆದಾಗ ಎಷ್ಟು ಜಾಗ ತಗೊಳ್ಳುತ್ತದೆ ಅಂತ ತೋರಿಸಲು ನಕ್ಷೆಯಲ್ಲಿ ಕಾಲು ವೃತ್ತದ ಗೆರೆ ಎಳೆಯುತ್ತಾರೆ. ಬಚ್ಚಲಿನ ಬಾಗಿಲಿನ ಆ ಗೆರೆ ಬಾಗಿ ಬಂದು ಅಜ್ಜಿಯ ಮಂಚದ ತುದಿಯನ್ನು ಕೊಯ್ದುಕೊಂಡು ಹೋಗಿತ್ತು. ಅಲ್ಲಿ ಎರಡು ಪುಟ್ಟ ಪಾದ ಬರೆದಿದ್ದಳು. ನಕ್ಷೆಯ ತುಂಬ ಕೆಂಪು ಗೆರೆ ಅಂತ ಇದ್ದದ್ದು ಅದೊಂದೇ.

ಬೇರೆ ಮಕ್ಕಳ ತಂದೆತಾಯಂದಿರು ನಿಂತು ಓದುತ್ತಿದ್ದರು. ಗಂಡನ ಕಿವಿ ಕೆಂಪಾಯಿತು. "ಮನೆ ಮರ್ಯಾದೆನ ಅಳತೆ ಹಾಕಿ ತಂದಿದಾಳಲ್ಲೇ," ಅಂತ ಹಲ್ಲು ಕಚ್ಚಿ ಹೇಳಿದರು. ನಾನು ಅವರ ತೋಳು ಹಿಡಿದುಕೊಂಡೆ, ಪ್ರೀತಿಯಿಂದಲ್ಲ, ಹೋಗಿ ಹಾಳೆ ಕಿತ್ತುಬಿಟ್ಟಾರು ಅಂತ.

ಉಳಿದ ಹಾಳೆಗಳಲ್ಲಿ ವೃದ್ಧರ ಮನೆ. ಕೋಣೆಗಳು ಮೊದಲಿನ ಹಾಗೇ ಇದ್ದವು. ಬದಲಾದದ್ದು ಮೆಟ್ಟಿಲು. ಕಟ್ಟಡವನ್ನು ಹಣ್ಣಿನ ಹಾಗೆ ಉದ್ದಕ್ಕೆ ಕೊಯ್ದು ತೋರಿಸಿದ್ದಳು. ಮೆಟ್ಟಿಲು ತಿರುಗುವ ಪ್ರತಿ ಕಡೆಯೂ ಅಗಲವಾದ ಜಾಗ, ದೊಡ್ಡ ಕಿಟಕಿ, ಕೂರಲು ಕಟ್ಟೆ, ದಾರ ಇಡಲು ಅಂಚು. ಹೋಗುವವರಿಗೆ ಬೇರೆ ದಾರಿ, ಯಾರ ಮೊಣಕಾಲೂ ಅಡ್ಡ ಬರುವುದಿಲ್ಲ. ಕೋಣೆಯಲ್ಲಿರುವವರ ಮೇಲೆ ಮುನಿಸಿಕೊಂಡವರು ಎದ್ದು ಬಂದು ಕೂರುವ ಜಾಗ ಅಂತ ಅವಳು ಪರೀಕ್ಷಕರಿಗೆ ವಿವರಿಸಿದಳು. ಪ್ರತಿ ಕಟ್ಟೆಯ ಮೇಲೂ ಕಾಗದದ ಮನುಷ್ಯರು. ಒಬ್ಬಾಕೆ ಕುರ್ಚಿ ತಂದುಕೊಂಡಿದ್ದಳು. ತೊಡೆಯ ಮೇಲೆ ಕಪ್ಪು ಚೂರು.

ಕೆಂಪು ಮೇಡಂ ದಪ್ಪ ಮೈಯ, ಚಪ್ಪಲಿ ಎಳೆದು ನಡೆಯುವ ಹೆಂಗಸು. ಬಹಳ ಹೊತ್ತು ನೋಡಿದರು. "ಮೆಟ್ಟಿಲು ನಿನ್ನದು," ಅಂದರು. "ಕೋಣೆಗಳು ಇನ್ನೂ ಯಾವುದೋ ಪುಸ್ತಕದ್ದು. ಪಾಸು ಮಾಡ್ತೀನಿ."

ಹೊರಗಿನಿಂದ ಬಂದ ಪರೀಕ್ಷಕರು ಮೊದಲ ಹಾಳೆಗೆ ವಾಪಸ್ ಹೋದರು. ಬೆರಳನ್ನು ಕಿಟಕಿಯ ಕೆಳಗೆ ಇಟ್ಟರು.

"ಈ ಮೇಜು ಈಗಲೂ ಇಲ್ಲೇ ಇದೆಯಾ?"

ಮಗಳು ನನ್ನನ್ನು ನೋಡಿದಳು, ಅವಳ ಅಪ್ಪನನ್ನು ನೋಡಿದಳು.

"ಇದೆ ಸರ್," ಅಂದಳು.

ಅವರು ಮುಂದಿನ ಹುಡುಗನ ಹತ್ತಿರ ಹೋದರು.

ಬಸ್ಸಿನಲ್ಲಿ ಗಂಡ ನಮ್ಮನ್ನು ಬಿಟ್ಟು ಮುಂದಿನ ಸೀಟಿಗೆ ಹೋಗಿ ಕೂತರು. ಮಗಳು ಮಾತ್ರ ಉಬ್ಬಿಹೋಗಿದ್ದಳು. ಮೆಟ್ಟಿಲು ನನ್ನದಂತೆ ಅಮ್ಮ ಅಂತ ಮತ್ತೆ ಮತ್ತೆ ಹೇಳಿದಳು. ನಾಲ್ಕು ವರ್ಷದಲ್ಲಿ ಅವಳದ್ದು ಅಂತ ಯಾರಾದರೂ ಒಪ್ಪಿದ್ದು ಅದೊಂದೇ. ನನಗೂ ಖುಷಿಯಾಗಿತ್ತು. ಅವಳ ಮೇಲಿನ ಸಿಟ್ಟು ಮಾತ್ರ ಕಡಿಮೆಯಾಗಿರಲಿಲ್ಲ, ಎರಡೂ ಒಟ್ಟಿಗೇ ಇದ್ದವು.

ಅತ್ತೆ ಚೌಕದಲ್ಲಿದ್ದರು. ನಾವು ಮೂವರೂ ಅವರ ಮೊಣಕಾಲಿನ ಮುಂದೆ ನಿಂತೆವು.

"ಪಾಸಾ?"

"ಪಾಸು ಅಜ್ಜಿ."

"ಪರೀಕ್ಷೆ ಮುಗೀತು ಹಾಗಾದ್ರೆ."

ಮಗಳ ಮುಖದ ಗಾಳಿ ಇಳಿಯಿತು. ಮುಂದಿನ ತಿಂಗಳು ಇನ್ನೊಂದು ಡಿಸೈನು ಶುರುವಾಗುತ್ತದೆ ಅಜ್ಜಿ, ಮೇಜು ಬೇಕೇ ಬೇಕು ಅಂದಳು. ಪ್ಯಾಸೇಜಿಗೆ ಸರಿಸೋಣ ಅಂದರೆ ಅದು ಅಲ್ಲಿ ಹಿಡಿಸುವುದಿಲ್ಲ, ನಾನೇ ಅಳತೆ ತೆಗೆದಿದ್ದೀನಿ, ಅಗಲ ಒಂದು ಗೇಣು ಜಾಸ್ತಿ ಅಂದಳು.

ಅತ್ತೆ ಸೂಜಿಯನ್ನು ಕೋಟಿಗೆ ಚುಚ್ಚಿ ನಿಲ್ಲಿಸಿದರು.

"ನನ್ನ ಅಳತೆ ಯಾರು ತೆಗೆದಿದ್ರೇ? ಅಲ್ಲಿ ನಾನು ಹಿಡಿಸ್ದೆ."

ಗಂಡ ದಡದಡ ಮೇಲೆ ಹತ್ತಿದರು. ಒಳಗೆ ಏನೋ ಎಳೆದಾಡಿದ ಸದ್ದು. ನಾವು ಹೋಗುವಷ್ಟರಲ್ಲಿ ಅವರ ಕೆಲಸದ ಬ್ಯಾಗು ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿತ್ತು, ಗರಗಸ ಮೇಲೇ ಇತ್ತು.

"ಒಂದು ಗೇಣು ತಾನೇ," ಅಂದರು ಮಗಳಿಗೆ. "ಗೆರೆ ಎಳಿ. ನಿಂಗೆ ಚೆನ್ನಾಗಿ ಬರುತ್ತಲ್ಲ."

"ಅಪ್ಪ, ಪೂರ್ತಿ ಹಾಳೆ ಕೂರೋದಿಲ್ಲ ಆಮೇಲೆ."

"ನೇತಾಡಲಿ."

ಅವಳು ಸುಮಾರು ಹೊತ್ತು ಮೇಜಿನ ಅಂಚು ಸವರುತ್ತಾ ನಿಂತಿದ್ದಳು. ಅವಳು ಅಷ್ಟು ಇಷ್ಟಪಟ್ಟು ತಂದುಕೊಂಡ ವಸ್ತು ಬೇರೊಂದಿಲ್ಲ, ಅದು ನನಗೂ ಗೊತ್ತು. ಆಮೇಲೆ ಕಣ್ಣೊರೆಸಿಕೊಂಡು ಗೆರೆ ಎಳೆದಳು. ಗರಗಸ ಅವಳ ಕೈಗೆ ಒಗ್ಗಲಿಲ್ಲ, ಸೊಟ್ಟಗೆ ಕಚ್ಚಿಕೊಂಡಿತು. ಗಂಡ ಕೈಕಟ್ಟಿ ನಿಂತು ನೋಡಿದರೇ ಹೊರತು ಸಹಾಯಕ್ಕೆ ಬರಲಿಲ್ಲ. ನಾನು ಇನ್ನೊಂದು ತುದಿ ಹಿಡಿದುಕೊಂಡೆ. ಮರದ ಹೊಟ್ಟು ನನ್ನ ಒಳ್ಳೆಯ ಸೀರೆಯ ಮೇಲೆಲ್ಲ ಉದುರಿತು. ಕೊಯ್ದ ತುಂಡು ನೆಲಕ್ಕೆ ಬಿದ್ದಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕುರ್ಚಿ ಸಮೇತ.

ಮಂಚ ಕಿಟಕಿಗೆ ಹೋಯಿತು. ಅತ್ತೆ ಯಾರಿಗೂ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಪರದೆ ಒಗೆದು ಎಷ್ಟು ದಿನವಾಯಿತು, ಅಂಟಿನ ವಾಸನೆ ಗೋಡೆಗೇ ಹತ್ತಿದೆ ಅಂತ ದಿನವಿಡೀ ಗೊಣಗಿದರು. ಅಂಗಡಿಯಿಂದ ಎರಡು ಕಪ್ಪು ಕೋಟು ಬಂದವು, ಹೋದವು, ಮತ್ತೆ ಹೊಸವು ಬಂದವು. ಹೊಸ ಕತ್ತರಿ ತರಿಸಿಕೊಂಡರು. ಹಳೆಯದು ಮತ್ತೆ ಮೊಳೆ ಸೇರಿದೆ, ಎಲ್ಲರ ಕಣ್ಣಿಗೂ ಕಾಣುವ ಹಾಗೆ.

ಹೊಸ ಡಿಸೈನು ಶುರುವಾಯ್ತು, ಈ ಸಲ ಗ್ರಂಥಾಲಯ. ಮಗಳು ಪ್ಯಾಸೇಜಿನಲ್ಲಿ ಬಲ್ಬಿನ ಕೆಳಗೆ ಮೇಜಿಗೆ ಬಗ್ಗಿ ಕೂತಿದ್ದಳು, ಹಾಳೆ ಎರಡೂ ಕಡೆ ನೇತಾಡುತ್ತಿತ್ತು. ನನಗೆ ಕೆಲಸಕ್ಕೆ ಹೊತ್ತಾಗಿತ್ತು. ಬಕೆಟ್ ಹಿಡಿದು ಬಂದು ಬಚ್ಚಲಿನ ಬಾಗಿಲು ಎಳೆದೆ. ಅದು ಮೇಜಿನಡಿ ಚಾಚಿದ್ದ ಅವಳ ಪಾದಕ್ಕೆ ಬಡಿಯಿತು, ಕೈಯಲ್ಲಿದ್ದ ಪೆನ್ನು ಹಾಳೆಯುದ್ದಕ್ಕೂ ಜಾರಿತು.

"ಅಮ್ಮ, ನೋಡ್ಕೊಂಡು ತೆಗೀಬಾರ್ದಾ? ಗೆರೆ ಪೂರ್ತಿ ಹಾಳಾಯ್ತು."

ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯ ಕಡೆಯಿಂದ ಉತ್ತರ ಬಂತು. ಅತ್ತೆ ಕಾಜಾದಿಂದ ತಲೆ ಎತ್ತಿರಲಿಲ್ಲ.

"ಕಾಲು ಮಡಚ್ಕೋ, ಮೇಸ್ತ್ರಿ."